ಜಾತಕದಲ್ಲಿ ಗುರು ನೀಚ (ಅತಿ ದುರ್ಬಲನಾಗುವ ರಾಶಿಯಲ್ಲಿ), ಆದರೂ ಗಜಕೇಸರಿ ಯೋಗ ಅಂತ ಬಂದಿದೆ. ಲೆಕ್ಕಕ್ಕೆ ತಗೋಬಹುದಾ?

ಭರಣಿ97:
ಎಲ್ಲರಿಗೂ ನಮಸ್ಕಾರ. ಜನನ 1997ರ ಜುಲೈ ಕೊನೆಯ ವಾರ, ಮಧ್ಯಾಹ್ನ ಸುಮಾರು 12.30, ಬೆಂಗಳೂರು. ಲಾಹಿರಿ ಅಯನಾಂಶ (ರಾಶಿಚಕ್ರ ಎಲ್ಲಿಂದ ಶುರು ಅಂತ ಹಿಡಿಯುವ ಲೆಕ್ಕ). ತುಲಾ ಲಗ್ನ, ಚಂದ್ರ ಮೇಷ 16°30' (ಭರಣಿ 1ನೇ ಪಾದ), ಗುರು ಮಕರ 24°50' ವಕ್ರಿ (ಹಿಮ್ಮುಖ ಚಲನೆ), ಶನಿ ಮೀನ, ಕುಜ ಕನ್ಯಾ, ರವಿ ಕಟಕ, ಶುಕ್ರ ಸಿಂಹ. ಶುಕ್ರ ದಶಾ ಶಿಷ್ಟ (ಹುಟ್ಟಿದಾಗ ಉಳಿದಿದ್ದ ದಶೆ) 15 ವರ್ಷ 3 ತಿಂಗಳು. ಆ್ಯಪ್‌ನಲ್ಲಿ ಗಜಕೇಸರಿ, ನೀಚಭಂಗ ರಾಜಯೋಗ (ನೀಚತ್ವ ರದ್ದಾಗಿ ಬರುವ ಯೋಗ) ಎರಡೂ ಇವೆ ಅಂತ ಬಂದಿದೆ. ನೀಚ ಗುರುವಿನಿಂದ ಗಜಕೇಸರಿ ಆಗುತ್ತಾ? ಆದರೆ ಫಲ ಯಾವಾಗ?

ಕೇಂದ್ರತ್ರಿಕೋಣ:
ಚಂದ್ರನಿಂದ 1, 4, 7, 10ರಲ್ಲಿ ಗುರು ಇದ್ದರೆ ಆ್ಯಪ್ ಗಜಕೇಸರಿ ಅಂದುಬಿಡುತ್ತದೆ. ಹನ್ನೆರಡರಲ್ಲಿ ನಾಲ್ಕು ರಾಶಿ, ಅಂದರೆ ಮೂರರಲ್ಲೊಂದು ಜಾತಕಕ್ಕೆ ಈ ಯೋಗ! ಪರಾಶರರ ಲಕ್ಷಣ ಇಷ್ಟು ಸಡಿಲ ಅಲ್ಲ: ಗುರು ನೀಚನಾಗಿರಬಾರದು, ಅಸ್ತನಾಗಿರಬಾರದು (ರವಿಗೆ ತೀರಾ ಹತ್ತಿರ), ಶತ್ರುಕ್ಷೇತ್ರದಲ್ಲಿರಬಾರದು, ಶುಭಗ್ರಹಗಳ ಯುತಿ (ಜತೆ) ಅಥವಾ ದೃಷ್ಟಿ ಬೇಕು. ಇಲ್ಲಿ ಮೊದಲ ಷರತ್ತೇ ತಪ್ಪಿದೆ. ಹಾಗಾಗಿ ನೀಚಭಂಗ ಗಟ್ಟಿ ಇದೆಯಾ ಅಂತ ಮೊದಲು ನೋಡಬೇಕು.

ಭಂಗಕ್ಕೆ ಮುಂದೆ ಹೇಳುವ ಗ್ರಹಗಳಲ್ಲಿ ಒಬ್ಬರು ಲಗ್ನದಿಂದ ಅಥವಾ ಚಂದ್ರನಿಂದ ಕೇಂದ್ರದಲ್ಲಿ (1, 4, 7, 10ನೇ ಮನೆ) ಇರಬೇಕು. ಮಕರಾಧಿಪತಿ ಶನಿ ಲಗ್ನದಿಂದ 6, ಚಂದ್ರನಿಂದ 12. ಮಕರದಲ್ಲಿ ಉಚ್ಚನಾಗುವ ಕುಜ ಲಗ್ನದಿಂದ 12, ಚಂದ್ರನಿಂದ 6. ಇಬ್ಬರಿಂದಲೂ ಭಂಗ ಇಲ್ಲ. ಗುರುವಿನ ಉಚ್ಚರಾಶಿ ಕಟಕದ ಒಡೆಯ ಚಂದ್ರ ಲಗ್ನದಿಂದ 7ರಲ್ಲಿದ್ದಾನೆ, ಭಂಗ ಸಿಗುವುದು ಇದೊಂದರಿಂದ. (ಕೆಲವರು ಇದನ್ನು ಚಂದ್ರನಿಂದಲೂ ಎಣಿಸುತ್ತಾರೆ. ಚಂದ್ರ ತನ್ನಿಂದ ತಾನು ಯಾವತ್ತೂ ಒಂದನೇ ಮನೆಯೇ, ಹಾಗೆ ಎಣಿಸಿದರೆ ಮಕರ ಗುರು ಇರುವ ಪ್ರತಿ ಜಾತಕಕ್ಕೂ ಭಂಗ ಬರುತ್ತದೆ. ಅರ್ಥವಿಲ್ಲ.)

ಭಂಗವಾದರೂ ಆಧಿಪತ್ಯ ಬದಲಾಗುವುದಿಲ್ಲ. ತುಲಾ ಲಗ್ನಕ್ಕೆ ಗುರು 3, 6ರ ಅಧಿಪತಿ. ಮೇಲಾಗಿ ಗುರು ಮಕರ, ಶನಿ ಮೀನ: 4-6ರ ಪರಿವರ್ತನೆ (ಅಧಿಪತಿಗಳ ಮನೆ ಅದಲುಬದಲು). 6 ಸೇರಿದ ಪರಿವರ್ತನೆ ದೈನ್ಯದ (ಕಷ್ಟ ಕೊಡುವ) ಗುಂಪಿಗೆ ಹೋಗುತ್ತದೆ. ಮನೆ, ಸೈಟಿನ ವಿಷಯ (4) ಸಾಲದ (6) ಜತೆಗೇ ಬರುತ್ತದೆ. ಇದನ್ನು ಆ್ಯಪ್ ಹೇಳಿರಲಿಕ್ಕಿಲ್ಲ.

ದೃಗ್ಗಣಿತ:
ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ನವಾಂಶ (ಪ್ರತಿ ರಾಶಿಯನ್ನು ಒಂಬತ್ತು ಭಾಗ ಮಾಡಿ ಹಾಕುವ ಕುಂಡಲಿ) ಬಿಟ್ಟಿದ್ದೀರಿ. ಮಕರ 23°20'ರಿಂದ 26°40' ಸಿಂಹ ನವಾಂಶ, ಮೇಷ 13°20'ರಿಂದ 16°40' ಕೂಡ ಸಿಂಹ ನವಾಂಶ. ಗುರು, ಚಂದ್ರ ಇಬ್ಬರೂ ಮಿತ್ರ ರವಿಯ ಮನೆಯಲ್ಲಿ ಒಟ್ಟಿಗೆ. ರಾಶಿ ಕುಂಡಲಿಯಲ್ಲಿ ಗುರುವಿನ 5, 7, 9ರ ದೃಷ್ಟಿ ಯಾವುದೂ ಚಂದ್ರನ ಮೇಲೆ ಬೀಳುವುದಿಲ್ಲ, ಆ ಕೊರತೆಯನ್ನು ಇದು ತುಂಬುತ್ತದೆ. ನನ್ನ ಪ್ರಕಾರ ಈ ಜಾತಕದ ಗಜಕೇಸರಿ ನಿಂತಿರುವುದೇ ಇದರ ಮೇಲೆ.

ಆದರೆ ಚಂದ್ರನಿಗೆ ಪಾದದ ಗಡಿ ಬರೀ 10 ಕಲೆ (10') ದೂರ. ಗಂಟೆಗೆ ಅರ್ಧ ಡಿಗ್ರಿ ಅಂದರೂ 20 ನಿಮಿಷದಲ್ಲಿ 2ನೇ ಪಾದ, ಕನ್ಯಾ ನವಾಂಶ. ಅಲ್ಲಿಗೆ ನವಾಂಶದ ಯೋಗ ಹೋಯಿತು. "ಸುಮಾರು 12.30" ಸಾಲದು, ಆಸ್ಪತ್ರೆಯ ದಾಖಲೆಯಲ್ಲಿರುವ ವೇಳೆ ಹಾಕಿ.

ನಮ್ಮ ಕಡೆ ಬಹಳ ಜನ ರಾಮನ್ ಅಯನಾಂಶ ಹಿಡಿಯುತ್ತಾರೆ. ಅದು ಲಾಹಿರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಮ್ಮಿ, ಹಾಗಾಗಿ ಚಂದ್ರ ಮೇಷ 18° ಹತ್ತಿರ ಬಂದು ಸಮಯ ಸರಿಯಿದ್ದರೂ ಪಾದ ಬದಲಾಗುತ್ತದೆ, ದಶೆಯೂ ಎರಡು ವರ್ಷಕ್ಕೂ ಹೆಚ್ಚು ಹಿಂದಕ್ಕೆ ಸರಿಯುತ್ತದೆ. ಒಂದರಲ್ಲಿ ಕುಂಡಲಿ, ಇನ್ನೊಂದರಲ್ಲಿ ದಶೆ ಅಂತ ಬೆರೆಸಬೇಡಿ.

ಭರಣಿ97:
ಜನನ ಪತ್ರದಲ್ಲಿ 12.25 ಇದೆ ಸರ್. ಹಾಗಾದರೆ ಫಲಕ್ಕೆ ಗುರು ದಶೆಯವರೆಗೆ ಕಾಯಬೇಕಾ?

ಕೇಂದ್ರತ್ರಿಕೋಣ:
12.25 ಆದರೆ 1ನೇ ಪಾದವೇ, ಸರಿ. ಗುರು ದಶೆ ಶುರುವಾಗುವುದೇ 2053ರಲ್ಲಿ, ಅದನ್ನು ಕಾಯುವುದು ಬೇಡ. ಯೋಗಕ್ಕೆ ಇಬ್ಬರು ಪಾಲುದಾರರು. ಚಂದ್ರ ನಿಮ್ಮ ದಶಮಾಧಿಪತಿ, ಕೇಂದ್ರದಲ್ಲಿದ್ದಾನೆ, 6ರ ಆಧಿಪತ್ಯದ ಕಳಂಕವಿಲ್ಲ. ಕೃಷ್ಣಪಕ್ಷದ ಅಷ್ಟಮಿ-ನವಮಿಯ ಚಂದ್ರ, ಬಲ ಸಾಧಾರಣ, ಅಷ್ಟೇ. ಅವನ ದಶೆ 2018ರ ಅಕ್ಟೋಬರ್‌ನಿಂದ 2028ರ ಅಕ್ಟೋಬರ್‌ವರೆಗೆ. ಅದರಲ್ಲಿ ಗುರು ಭುಕ್ತಿ (ದಶೆಯೊಳಗಿನ ಉಪಅವಧಿ) 2021ರ ಸೆಪ್ಟೆಂಬರ್‌ನಿಂದ 16 ತಿಂಗಳು. ಆಗ ಕೆಲಸದಲ್ಲಿ ಏನಾಯಿತು, ಸಾಲ ಬಂತಾ ಅಂತ ತಾಳೆ ನೋಡಿ. ಲಗ್ನಾಧಿಪತಿ ಶುಕ್ರ 11ರಲ್ಲಿರುವುದರಿಂದ 2026ರ ಆಗಸ್ಟ್‌ನಿಂದ 20 ತಿಂಗಳ ಶುಕ್ರ ಭುಕ್ತಿ ಇದಕ್ಕಿಂತ ಚೆನ್ನಾಗಿರಬೇಕು. ಅಷ್ಟಕವರ್ಗದಲ್ಲಿ (ರಾಶಿಗಳಿಗೆ ಬಿಂದು ಕೊಟ್ಟು ಬಲ ಅಳೆಯುವ ಪದ್ಧತಿ) ಮಕರಕ್ಕೆ ಗುರು ಎಷ್ಟು ಬಿಂದು ಕೊಟ್ಟಿದ್ದಾನೆ, ಅದನ್ನೂ ಹಾಕಿ. 8ರಲ್ಲಿ 4ಕ್ಕಿಂತ ಕಮ್ಮಿ ಇದ್ದರೆ ನೀಚಭಂಗಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ.