ಎದುರು ಮನೆಯ ಹುಡುಗಿಯೂ ನಮ್ಮ ಮೈಸೂರಿನ ಹೆಸರೂ

ಪ್ರಶ್ನೆ: ಹೊಲಿಗೆ ಅಂಗಡಿಯವಳು, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಕೃಷ್ಣಮೂರ್ತಿಪುರದಲ್ಲಿ; ಈಗ ಕೆಲವು ವರ್ಷಗಳಿಂದ ಊರಂಚಿನ ಬಡಾವಣೆಯೊಂದರಲ್ಲಿ ಮನೆ ಮಾಡಿಕೊಂಡು, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಎರಡು ತಿಂಗಳ ಹಿಂದೆ ಎದುರಿನ ಬಾಡಿಗೆ ಮನೆಗೆ ಬಂದ ಹೆಂಗಸೊಬ್ಬರು, ಅಕ್ಕನ ಮಗಳೆಂದು ಹೇಳಿ ಹದಿನೈದು ಹದಿನಾರು ವಯಸ್ಸಿನ ಹುಡುಗಿಯನ್ನು ಜೊತೆಗೆ ಇಟ್ಟುಕೊಂಡಿದ್ದಾರೆ. ಹುಡುಗಿ ಶಾಲೆಗೆ ಹೋಗುವುದಿಲ್ಲ, ಒಬ್ಬಳೇ ಹೊಸ್ತಿಲು ದಾಟುವುದಿಲ್ಲ. ಕತ್ತಲಾದ ಮೇಲೆ ಬೇರೆ ಬೇರೆ ಕಾರುಗಳು ಬಂದು ನಿಂತು ಹೋಗುತ್ತವೆ. ಹೋದ ವಾರ ಆ ಹೆಂಗಸು ಅವಳನ್ನು ರವಿಕೆಯ ಅಳತೆಗೆಂದು ನನ್ನಲ್ಲಿಗೆ ಕರೆತಂದಿದ್ದರು. ತೋಳಿನ ಅಳತೆಗೆ ಟೇಪು ಹಿಡಿದ ಕೂಡಲೇ ಹುಡುಗಿ ಮೈಯೆಲ್ಲ ಬಿಗಿಹಿಡಿದು, ಕಣ್ಣು ಮುಚ್ಚಿ, ಉಸಿರು ಕಟ್ಟಿ ನಿಂತಳು. ಮೂವತ್ತು ವರ್ಷಗಳಿಂದ ಹೆಣ್ಣುಮಕ್ಕಳ ಅಳತೆ ತೆಗೆಯುತ್ತಿದ್ದೇನೆ. ಹಾಗೆ ನಿಂತವರನ್ನು ನಾನು ನೋಡಿಲ್ಲ.

ಬಡಾವಣೆಯ ಹಿರಿಯರೊಬ್ಬರಿಗೆ ಹೇಳಿದೆ. ದಸರಾ ನೋಡಲು ದೇಶವೇ ಬರುವ ಊರಿದು, ಪೊಲೀಸು, ಪತ್ರಿಕೆ ಎಂದು ಹೋದರೆ ಬಡಾವಣೆಯ ಮಾನವೂ ಮೈಸೂರಿನ ಹೆಸರೂ ಹೋಗುತ್ತದೆ, ನಿಮ್ಮ ಪಾಡಿಗೆ ನೀವಿರಿ ತಾಯಿ ಎಂದರು. ಈ ಊರನ್ನು ನಾನು ಅವರಿಗಿಂತ ಕಡಿಮೆ ಪ್ರೀತಿಸುವವಳಲ್ಲ. ಆದರೆ ಒಂದು ವಾರದಿಂದ ನಿದ್ದೆ ಬಂದಿಲ್ಲ. ನನ್ನ ಕೈಯಲ್ಲಿ ಸಾಕ್ಷಿ ಏನೂ ಇಲ್ಲ. ಏನು ಮಾಡಲಿ?

ಉತ್ತರ: ವಕೀಲೆ, ಚಾಮರಾಜಪುರಂ

ಅಕ್ಕ, ದಯವಿಟ್ಟು ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಎದುರು ಮನೆಯ ಬಾಗಿಲು ತಟ್ಟಬೇಡಿ, ಆ ಹೆಂಗಸನ್ನು ವಿಚಾರಿಸಬೇಡಿ. ಸುಳಿವು ಸಿಕ್ಕರೆ ಒಂದೇ ರಾತ್ರಿಯಲ್ಲಿ ಹುಡುಗಿಯನ್ನು ಬೇರೆ ಊರಿಗೆ ಸಾಗಿಸಿಬಿಡುತ್ತಾರೆ, ಆಮೇಲೆ ಹುಡುಕುವುದು ಬಹಳ ಕಷ್ಟ.

ಸಾಕ್ಷಿ ಕಲೆಹಾಕುವ ಹೊಣೆ ನಿಮ್ಮದಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರಷ್ಟೇ ಅಲ್ಲ, ನಡೆಯುವ ಸಂಭವವಿದೆ ಎಂಬ ಆತಂಕ ಇರುವವರೂ ಪೊಲೀಸರಿಗೆ ತಿಳಿಸಬೇಕು. ತಿಳಿದೂ ಸುಮ್ಮನಿದ್ದರೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಮಾತ್ರ ಯಾವ ಹೊಣೆಯೂ ಬರುವುದಿಲ್ಲ. ಆ ಹಿರಿಯರಿಗೆ ಇದನ್ನು ನೀವೇ ಹೇಳಬಹುದು. ಮನೆಯ ಮಾಲೀಕರಿಗೂ ಹೇಳಬೇಕಾದದ್ದಿದೆ, ಆದರೆ ಹುಡುಗಿ ಸುರಕ್ಷಿತವಾಗಿ ಹೊರಬಂದ ಮೇಲೆ: ಗೊತ್ತಿದ್ದೂ ಮೈಮಾರಾಟದ ದಂಧೆಗೆ ಮನೆ ಬಾಡಿಗೆಗೆ ಕೊಡುವುದು 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯಡಿ ಅಪರಾಧ.

ಹುಡುಗಿಯ ಗತಿ ಏನಾಗುತ್ತದೋ ಎಂಬ ಭಯ ನಿಮಗಿರಬಹುದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೇಳಿಕೆಯನ್ನು ಆಕೆಯ ವಾಸದ ಸ್ಥಳದಲ್ಲಿ ಇಲ್ಲವೇ ಆಕೆ ಬಯಸಿದ ಕಡೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ತೊಡದೆ ಬರೆದುಕೊಳ್ಳಬೇಕು. ಇಪ್ಪತ್ನಾಲ್ಕು ಗಂಟೆಯೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಪತ್ರಿಕೆಗಳು ಆಕೆಯ ಹೆಸರು, ಚಿತ್ರ, ಮನೆ, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ. ನೀವೂ ಫೋಟೊ ತೆಗೆಯಬೇಡಿ, ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಂದಕ್ಷರವನ್ನೂ ಹಾಕಬೇಡಿ.

ಉತ್ತರ: ಆಶ್ರಯಧಾಮವೊಂದರಲ್ಲಿ ಪಾಠ ಹೇಳುವವಳು

ವಕೀಲರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೈಸೂರಿನಲ್ಲಿ ಈ ಕೆಲಸಕ್ಕೆ ನೀವು ಒಂಟಿಯಲ್ಲ. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶು ಅವರು ಕಟ್ಟಿದ ಒಡನಾಡಿ ಸೇವಾ ಸಂಸ್ಥೆ ಇಂಥ ಹೆಣ್ಣುಮಕ್ಕಳನ್ನು ಬಿಡಿಸಿ ಆಶ್ರಯ ಕೊಡುವ ಕೆಲಸವನ್ನು ಮೂರು ದಶಕಗಳಿಂದ ಇಲ್ಲಿ ಮಾಡುತ್ತಿದೆ. ಅರಮನೆ, ಮಲ್ಲಿಗೆ, ವೀಳ್ಯದೆಲೆಯ ಜೊತೆಗೆ ಇದೂ ನಮ್ಮೂರಿನ ಹೆಮ್ಮೆಯೆಂದು ನಾನು ತಿಳಿದಿದ್ದೇನೆ.

ಆ ಮನೆಯಿಂದ ಹೊರಬಂದ ದಿನ ಹುಡುಗಿ ನಿಮಗೆ ಕೈಮುಗಿಯುತ್ತಾಳೆ ಎಂದುಕೊಳ್ಳಬೇಡಿ. ಬೈಯಬಹುದು, ಆ ಹೆಂಗಸನ್ನೇ ಅಮ್ಮ ಎಂದು ಕರೆದು ಅಳಬಹುದು, ಹಿಂದಕ್ಕೆ ಓಡಲೂಬಹುದು. ಮನೆಗೆ ಹಣ ಕಳಿಸಬೇಕಿತ್ತು, ಸಾಲ ತೀರಿರಲಿಲ್ಲ, ತಂಗಿಯನ್ನು ತರುತ್ತೇವೆಂದು ಹೆದರಿಸಿದ್ದರು: ಒಬ್ಬೊಬ್ಬಳ ಹಿಂದೆ ಒಂದೊಂದು ಕಟ್ಟು ಇರುತ್ತದೆ, ಅದನ್ನು ಬಿಚ್ಚಲು ತಿಂಗಳುಗಳು ಬೇಕು. ನಾನು ಪಾಠ ಹೇಳುತ್ತಿದ್ದ ಒಬ್ಬಳು ಮೊದಲ ವಾರವೆಲ್ಲ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದಳು. ಬಾಗಿಲ ಚಿಲಕ ಒಳಗಿನಿಂದ ಹಾಕುವಂಥದ್ದು ಎಂದು ಗೊತ್ತಾದ ದಿನ, ಹಾಕಿ ತೆಗೆದು, ಹಾಕಿ ತೆಗೆದು ಹತ್ತಾರು ಸಲ ನೋಡಿದಳು. ಎಷ್ಟೋ ತಿಂಗಳ ನಂತರ, ಒಂದು ಬೆಳಗಿನ ಜಾವ ಎಲ್ಲರೂ ಸೇರಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿ, ಟೀಚರ್, ಮೈಸೂರು ಇಷ್ಟು ದೊಡ್ಡದಾ ಎಂದು ಕೇಳಿದಳು. ಅವಳನ್ನು ಇದೇ ಊರಿನ ಒಂದು ಕೋಣೆಯಲ್ಲಿ ಬಹಳ ಕಾಲ ಕೂಡಿಹಾಕಿದ್ದರು.

ಹೊಲಿಗೆ ಕಲಿಸುತ್ತೇನೆಂದು ನಿಮ್ಮ ಮನಸ್ಸಿಗೆ ಬಂದಿರುತ್ತದೆ. ಅವಳು ಕೇಳಿದರೆ ಕಲಿಸಿ. ಇಂಥ ಹುಡುಗಿಯರೆಂದರೆ ಹೊಲಿಗೆ, ಕಸೂತಿ, ಊದುಬತ್ತಿ ಎಂದು ನಾವೇ ತೀರ್ಮಾನಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ನನ್ನ ವಿದ್ಯಾರ್ಥಿನಿಗೆ ಬೇಕಾಗಿದ್ದದ್ದು ಎಸ್‌ಎಸ್‌ಎಲ್‌ಸಿ ಗಣಿತ.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ

ಊರಿನ ಹೆಸರಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮೈಸೂರಿಗೆ ಮಾದರಿ ಸಂಸ್ಥಾನವೆಂಬ ಹೆಸರು ಬಂದದ್ದು ಮುಚ್ಚಿಡುವುದರಿಂದಲ್ಲ. 1894ರಲ್ಲಿಯೇ ಈ ಸಂಸ್ಥಾನ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ಕಾನೂನಿನಿಂದ ತಡೆಯಿತು. ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು 1909ರ ಆದೇಶ ನಿಲ್ಲಿಸಿತು. ಅಂದೂ ಸಂಪ್ರದಾಯ, ಮಾನ ಎಂದು ಆಕ್ಷೇಪಿಸಿದವರು ಇದ್ದೇ ಇದ್ದರು.

ಆದರೂ ಆ ಆದೇಶವನ್ನು ನಾನು ಪೂರ್ತಿ ಹೊಗಳಲಾರೆ. ಸೇವೆ ನಿಂತ ಮೇಲೆ ಆ ಹೆಣ್ಣುಮಕ್ಕಳು ಏನು ಉಂಡು ಬದುಕಬೇಕು ಎಂಬುದಕ್ಕೆ ಆದೇಶವೊಂದೇ ಉತ್ತರವಾಗಲಾರದು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದ ಮೇಲೂ ಬೆಳಗಾವಿ ಸೀಮೆಯಲ್ಲಿ ಮನೆಮನೆಗೆ ಹೋಗಿ ಮುತ್ತು ಕಟ್ಟುವುದನ್ನು, ಅಂದರೆ ಹುಡುಗಿಯರನ್ನು ದೇವದಾಸಿಯರಾಗಿ ಬಿಡುವುದನ್ನು, ತಡೆದವರಲ್ಲಿ, ಒಮ್ಮೆ ತಾವೇ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರು ಮುಂದಿದ್ದರು. ಅಂಥ ಹೆಂಗಸರದೇ ಆದ ಘಟಪ್ರಭೆಯ ಮಾಸ್ ಸಂಘಟನೆಯ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಆ ಕೆಲಸಕ್ಕೆ. ಅವರಿಂದ ಬೆಳಗಾವಿಯ ಹೆಸರು ಹಾಳಾಯಿತೆಂದು ಯಾರಾದರೂ ಹೇಳಿಯಾರೇ?

ಮತ್ತೆ: ಹೊಲಿಗೆ ಅಂಗಡಿಯವಳು

ಮೂವರಿಗೂ ಋಣಿ. ಅಂದು ಮಧ್ಯಾಹ್ನವೇ 1098ಕ್ಕೆ ಕರೆ ಮಾಡಿದೆ. ಸಂಜೆ ಮಾಮೂಲಿ ಬಟ್ಟೆಯಲ್ಲಿದ್ದ ಇಬ್ಬರು ಹೆಂಗಸರು, ಸ್ವಲ್ಪ ದೂರದಲ್ಲಿ ಪೊಲೀಸರು ಬಂದರು. ಗಲಾಟೆಯಿಲ್ಲದೆ ಹುಡುಗಿಯನ್ನು ಕರೆದೊಯ್ದರು. ಅವಳು ನನ್ನ ಕಡೆ ನೋಡಲಿಲ್ಲ. ಎಲ್ಲಿದ್ದಾಳೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅವಳ ರವಿಕೆ ಹೊಲಿದು ಮುಗಿದಿತ್ತು. ಅದನ್ನು ಕಳಿಸುವುದು ಬೇಡವೆನ್ನಿಸಿ, ಬಿಚ್ಚಿಹಾಕಿದೆ.

ಬಡಾವಣೆಯವರು ಭಾನುವಾರ ಸಭೆ ಕರೆದಿದ್ದಾರೆ, ಇದರ ಬಗ್ಗೆಯೇ ಎಂದು ಕೇಳಿದೆ. 19ನೇ ಕಲಮನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗುತ್ತಿದ್ದೇನೆ.