ಜರ್ಮನ್ ಕಿಟ್‌ನಿಂದ ಮಲೆನಾಡಿನ ಸ್ಟೇಷನ್: ಬ್ಲೇಡ್ ಹಿಡಿಯುವ ಮೊದಲು ಏನು ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರಡಿ ನಾಲ್ಕಡಿ ಪ್ಲೈವುಡ್ ಹಲಗೆ ಮೇಲೆ ಎಚ್‌ಒ ಅಳತೆಯ ಪುಟಾಣಿ ಮಾದರಿ ರೈಲಿನ ಲೇಔಟ್ ಮಾಡುತ್ತಿದ್ದೇನೆ. ಹಳಿ ಹಾಕಿ ಆಯ್ತು, ಈಗ ಸ್ಟೇಷನ್ ಬೇಕು. ಚಿಕ್ಕಂದಿನಲ್ಲಿ ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಓಡಾಡಿದವನು ನಾನು. ಅಂಥದ್ದೇ ಹೆಂಚಿನ ಸ್ಟೇಷನ್ ಇರಬೇಕು ಅಂತ ಆಸೆ. ಆದರೆ ಸಿಕ್ಕಿದ್ದು ಜರ್ಮನಿಯ ಹಳ್ಳಿ ಸ್ಟೇಷನ್ನಿನ ಪ್ಲಾಸ್ಟಿಕ್ ಕಿಟ್. ಎರಡು ಅಂತಸ್ತು, ಕಡಿದಾದ ಮಾಡು, ಮೇಲೊಂದು ಹೊಗೆಗೂಡು. ಇದನ್ನು ನಮ್ಮ ಕಡೆಯದಾಗಿ ಮಾಡಬಹುದಾ? ಇದುವರೆಗೆ ಕಿಟ್ ಕತ್ತರಿಸಿ ಅಭ್ಯಾಸ ಇಲ್ಲ. ಹಾಳಾದರೆ ಇನ್ನೊಂದು ತರಿಸುವಷ್ಟು ದುಡ್ಡೂ ಇಲ್ಲ.

ಉತ್ತರ 1

ಖಂಡಿತ ಮಾಡಬಹುದು ಸರ್. ನಾನು ಇಂಥ ಮೂರು ಕಿಟ್ ಬದಲಾಯಿಸಿದ್ದೇನೆ. ನನ್ನ ಅನುಭವದಲ್ಲಿ ಬಣ್ಣ ಎಷ್ಟೇ ಚೆನ್ನಾಗಿ ಬಳಿದರೂ, ಮಾಡು ಬದಲಾಗದಿದ್ದರೆ ಅದು ಜರ್ಮನಿಯಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಮಾಡಿನ ಲೆಕ್ಕ ಹಾಕಿ.

ಅದಕ್ಕೂ ಮುಂಚೆ ಒಂದು ಕೆಲಸ. ಕಿಟ್‌ನ ಗೋಡೆಗಳನ್ನು ಹಾಗೇ ಜೆರಾಕ್ಸ್ ಮೆಷಿನ್ ಮೇಲಿಟ್ಟು ಅದೇ ಅಳತೆಯಲ್ಲಿ ಪ್ರತಿ ತೆಗೆಸಿ. ಆ ಕಾಗದವನ್ನು ರಟ್ಟಿಗೆ ಅಂಟಿಸಿ, ಬೇಕಾದ ಹಾಗೆ ಕತ್ತರಿಸಿ, ಟೇಪ್ ಹಾಕಿ ನಿಲ್ಲಿಸಿ. ಪಕ್ಕದಲ್ಲಿ ಒಂದು ಬೋಗಿ ಇಡಿ. ಎರಡು ದಿನ ಹೋಗಿ ಬಂದು ನೋಡಿ. ತಪ್ಪೆಲ್ಲ ಕಾಗದದಲ್ಲೇ ಆಗಿಹೋಗಲಿ.

ಆಗ ಬಾಗಿಲನ್ನೂ ಅಳೆಯಿರಿ. ಎಚ್‌ಒ ಅಂದರೆ ಅಸಲಿ ಅಳತೆಯ 87ರಲ್ಲಿ ಒಂದು ಪಾಲು. ಏಳಡಿ ಬಾಗಿಲು 24.5 ಮಿ.ಮೀ. ಬರಬೇಕು. ಕೆಲವು ಕಿಟ್‌ಗಳನ್ನು ಜಾಗ ಉಳಿಸಲೆಂದೇ ಚಿಕ್ಕದಾಗಿ ಮಾಡಿರುತ್ತಾರೆ.

ಈಗ ಮಾಡು. ಕಟ್ಟಡದ ಅಗಲ 80 ಮಿ.ಮೀ., ಮಾಡಿನ ಇಳಿಜಾರು 45 ಡಿಗ್ರಿ ಅಂತ ಇಟ್ಟುಕೊಳ್ಳಿ. ಆಗ ಪಕ್ಕದ ಗೋಡೆಯ ಮೇಲಿನ ತ್ರಿಕೋನ 40 ಮಿ.ಮೀ. ಎತ್ತರ ಇರುತ್ತದೆ. ನಮ್ಮ ಹೆಂಚಿನ ಮನೆಯ ಹಾಗೆ ಸುಮಾರು 30 ಡಿಗ್ರಿಗೆ ಇಳಿಸಿದರೆ 23 ಮಿ.ಮೀ. ಸಾಕು. ಇದರಲ್ಲಿ ನನಗೆ ತುಂಬಾ ಖುಷಿ ಕೊಡುವ ವಿಷಯ ಒಂದಿದೆ. ಮಾಡಿನ ಹಾಳೆ ಮೊದಲು ನೆತ್ತಿಯಿಂದ ಗೋಡೆಯ ತನಕ 57 ಮಿ.ಮೀ. ಬೇಕಿತ್ತು. ಈಗ 46 ಸಾಕು. ಉಳಿದ 11 ಮಿ.ಮೀ. ಗೋಡೆಯಿಂದ ಆಚೆ ಚಾಚಿಕೊಳ್ಳುತ್ತದೆ. ಅದೇ ನಮ್ಮ ಸೂರು! ಅಸಲಿ ಅಳತೆಯಲ್ಲಿ ಹೆಚ್ಚುಕಡಿಮೆ ಮೂರಡಿ. ಮಳೆ ಸೀಮೆಗೆ ಹೇಳಿ ಮಾಡಿಸಿದ ಹಾಗೆ.

ನಮ್ಮ ಸ್ಟೇಷನ್ನಿಗೆ ಒಂದೇ ಅಂತಸ್ತು ಸಾಕು. ಮೇಲಿನದನ್ನು ತೆಗೆಯಲು ಗರಗಸ ಬೇಡ. ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಿಂದ ಹಗುರವಾಗಿ ಎಂಟು–ಹತ್ತು ಸಲ ಗೀರಿ, ಬಗ್ಗಿಸಿದರೆ ನೇರವಾಗಿ ಮುರಿಯುತ್ತದೆ. ಒಂದೇ ಸಲ ಒತ್ತಿ ಎಳೆದರೆ ಬ್ಲೇಡ್ ಜಾರುತ್ತದೆ. ಆಮೇಲೆ ತ್ರಿಕೋನವನ್ನು ಕೆಳಗಿನ ಗೋಡೆ ಮೇಲೆ ಕೂರಿಸಿ, ಒಳಗಡೆಯಿಂದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ. ಹೊರಗಿನ ಸಂದಿಗೆ ಪುಟ್ಟಿ ತುಂಬಿ ಉಜ್ಜಿ.

ಮೊದಲ ಕಿಟ್‌ನಲ್ಲಿ ನಾನು ನಾಲ್ಕು ಗೋಡೆಯನ್ನೂ ಬಿಡಿಬಿಡಿಯಾಗಿ ಅಳೆದು ಕತ್ತರಿಸಿದ್ದೆ. ಒಂದೊಂದೂ ಅರ್ಧ ಮಿ.ಮೀ. ಆಚೀಚೆ. ಮಾಡು ಕೂರಿಸಿದರೆ ಒಂದು ಮೂಲೆ ಎದ್ದು ನಿಂತಿತು. ಈಗ ಎದುರುಬದುರು ಗೋಡೆಗಳನ್ನು ಜೋಡಿಸಿ, ಟೇಪ್ ಸುತ್ತಿ, ಒಟ್ಟಿಗೇ ಸ್ಯಾಂಡ್ ಪೇಪರ್ ಮೇಲೆ ಉಜ್ಜುತ್ತೇನೆ. ಆ ತೊಂದರೆ ಮತ್ತೆ ಬಂದಿಲ್ಲ.

ಉತ್ತರ 2

ಅಂಟಿನ ಬಗ್ಗೆ ಎರಡು ಮಾತು. ಗೋಡೆಗೆ ಪ್ಲಾಸ್ಟಿಕ್ ಸಿಮೆಂಟ್ ಬಳಸಿ. ಅದು ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಕಿಟಕಿಗೆ ಸೂಪರ್ ಗ್ಲೂ ಹತ್ತಿರವೂ ತರಬೇಡಿ. ಅದರ ಹಬೆಗೆ ಪಾರದರ್ಶಕ ಹಾಳೆ ಬೆಳ್ಳಗೆ ಮಂಜಾಗುತ್ತದೆ. ನನ್ನ ಆರು ಕಿಟಕಿ ಹಾಗೇ ಹೋದವು. ಮರಗೆಲಸದ ಬಿಳಿ ಅಂಟು ಒಂದು ಹನಿ ಸಾಕು. ಒಣಗಿದ ಮೇಲೆ ಕಾಣುವುದೇ ಇಲ್ಲ.

ಒಳಗೆ ದೀಪ ಹಾಕುವುದಿದ್ದರೆ ಜೋಡಿಸುವ ಮೊದಲೇ ಗೋಡೆಯ ಒಳಮೈಗೆ ಕಪ್ಪು ಬಣ್ಣ ಹೊಡೆಯಿರಿ. ಇಲ್ಲದಿದ್ದರೆ ಇಡೀ ಗೋಡೆಯೇ ಹೊಳೆಯುತ್ತದೆ.

ಉತ್ತರ 3

ನಾನು ಮಂಗಳೂರಿನವಳು, ಹೆಂಚಿನ ವಿಷಯ ಬಂದಾಗ ಸುಮ್ನೆ ಇರೋಕೆ ಆಗಲ್ಲ. ಬಾಸೆಲ್ ಮಿಷನ್‌ನವರು ಇಲ್ಲಿ 1865ರಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚು ಎಲ್ಲ ಕಡೆ ಹೋಯಿತು. ಸುಮಾರು 16 ಇಂಚು ಉದ್ದ, 10 ಇಂಚು ಅಗಲ. ಎಚ್‌ಒದಲ್ಲಿ 4.7 ಮಿ.ಮೀ., 2.9 ಮಿ.ಮೀ. ಕಿಟ್‌ನ ಹೆಂಚು ಮೀನಿನ ಪೊರೆಯ ಹಾಗೆ ದುಂಡಗಿದ್ದರೆ ಆ ಹಾಳೆ ಬೇಡ. ಉದ್ದಕ್ಕೆ ಗೀರು ಇರುವ ಹೆಂಚಿನ ಹಾಳೆ ಬೇರೆಯಾಗಿ ಸಿಗುತ್ತದೆ. ಅದನ್ನೇ ಹಾಕಿ.

ಬಣ್ಣ ಒಂದೇ ಕೆಂಪು ಬಳಿಯಬೇಡಿ. ಹಳೆಯ ಮಾಡನ್ನು ಹತ್ತಿರದಿಂದ ನೋಡಿದ್ದೀರಾ? ಸೂರಿನ ಕಡೆಯ ಎರಡು ಸಾಲು ಹೆಚ್ಚು ಕಪ್ಪು. ಮರದ ನೆರಳು ಬೀಳುವಲ್ಲಿ ಪಾಚಿ. ನಡುವೆ ಅಲ್ಲಲ್ಲಿ ಮೊನ್ನೆ ಬದಲಾಯಿಸಿದ ಹೊಸ ಹೆಂಚು, ಕಿತ್ತಳೆ ಬಣ್ಣದ್ದು. ನಾನು ಮೊದಲು ಇಟ್ಟಿಗೆ ಬಣ್ಣ ಕೊಟ್ಟು, ಕಪ್ಪನ್ನು ನೀರಿನಷ್ಟು ತೆಳು ಮಾಡಿ ಹರಿಸಿ, ಕೊನೆಗೆ ಸೂಜಿಯಂಥ ಬ್ರಶ್ಶಿನಲ್ಲಿ ಏಳೆಂಟು ಹೆಂಚಿಗೆ ಮಾತ್ರ ತಿಳಿ ಬಣ್ಣ ಮುಟ್ಟಿಸಿದೆ. ಒಂದು ಗಾಜಿನ ಹೆಂಚನ್ನೂ ಇಟ್ಟೆ. ಒಂದು ಹೆಂಚಿನಷ್ಟು ತೂತು ಮಾಡಿ, ಕೆಳಗಿಂದ ಪಾರದರ್ಶಕ ಪ್ಲಾಸ್ಟಿಕ್ ಅಂಟಿಸಿದೆ. ರಾತ್ರಿ ಒಳಗಿನ ದೀಪ ಹಾಕಿದರೆ ಆ ಒಂದೇ ಚೌಕ ಹೊಳೆಯುತ್ತದೆ. ನನ್ನ ಇಡೀ ಲೇಔಟಿನಲ್ಲಿ ನನಗೆ ಅದೇ ಅತಿ ಇಷ್ಟ.

ಮಳೆಗಾಲದಲ್ಲಿ ಸ್ಪ್ರೇ ಹೊಡೆಯಬೇಡಿ, ತೇವಕ್ಕೆ ಬಣ್ಣ ಬೂದು ಹಿಡಿದ ಹಾಗಾಗುತ್ತದೆ.

ಉತ್ತರ 4

ಹೆಸರಿನ ಫಲಕ ಮರೀಬೇಡಿ. ಹಳದಿ ಮೇಲೆ ಕಪ್ಪು, ಮೇಲೆ ಕನ್ನಡ, ಆಮೇಲೆ ಹಿಂದಿ, ಇಂಗ್ಲಿಷ್, ಕೆಳಗೆ ಸಮುದ್ರ ಮಟ್ಟದಿಂದ ಎತ್ತರ. ಸ್ಟುಡಿಯೋದಲ್ಲಿ ಫೋಟೋ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ. ಅಕ್ಷರ ದಪ್ಪದ್ದೇ ಇರಲಿ, ಆದರೆ ಒತ್ತಕ್ಷರ ಮೆತ್ತಿಕೊಳ್ಳದ ಹಾಗೆ ನೋಡಿ. ಇನ್ನೊಂದು, ಮೀಟರ್‌ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್) ಕಾಲ ತೋರಿಸಬೇಕಾದರೆ ಎಚ್‌ಒದಲ್ಲಿ ಹಳಿಗಳ ನಡುವೆ 12 ಮಿ.ಮೀ. ಇರಬೇಕು. ನೀವು ಎಚ್‌ಒದ ಮಾಮೂಲಿ 16.5 ಮಿ.ಮೀ.ದ್ದು ಹಾಕಿಬಿಟ್ಟಿದ್ದರೆ ಹಾಗೇ ಇರಲಿ, ಕೀಳಬೇಡಿ. ಕಣ್ಣು ಮೊದಲು ಕಟ್ಟಡಕ್ಕೇ ಹೋಗುತ್ತದೆ.

ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ರಟ್ಟಿನ ಸ್ಟೇಷನ್ ನಿಲ್ಲಿಸಿದೆ. ಬಾಗಿಲು 23 ಮಿ.ಮೀ. ಇದೆ, ನಡೆಯುತ್ತೆ ಅನ್ಸುತ್ತೆ. ಅಮ್ಮ ಬಂದು ನೋಡಿ, "ಸೂರು ಇನ್ನೂ ಮುಂದೆ ಬರಬೇಕು ಕಣೋ, ಮಳೆ ಬಂದ್ರೆ ಜನ ಎಲ್ಲಿ ನಿಲ್ತಾರೆ?" ಅಂದರು. ಅವರು ಹೇಳಿದ್ದು ಸರಿ. ಪ್ಲಾಟ್‌ಫಾರ್ಮ್ ಕಡೆ ತಗಡಿನ ಚಾವಣಿ ಇರುತ್ತಿತ್ತು. ಅದಕ್ಕೆ ಕಿಟ್‌ನಲ್ಲಿ ಏನೂ ಉಳಿದಿಲ್ಲ. ಏನು ಮಾಡಲಿ?

ಉತ್ತರ 1

ಅಮ್ಮನ ಮಾತು ಕೇಳಿ ಸರ್. ದಪ್ಪ ಅಲ್ಯೂಮಿನಿಯಂ ಫಾಯಿಲನ್ನು ಸಣ್ಣ ಹಲ್ಲಿನ ಬಾಚಣಿಗೆ ಮೇಲಿಟ್ಟು ಉಗುರಿನಿಂದ ನಿಧಾನ ಎಳೆಯಿರಿ. ಅಸಲಿ ತಗಡಿನ ಅಲೆ ಮೂರು ಇಂಚಿಗೊಂದು, ಅಂದರೆ ಇಲ್ಲಿ 0.9 ಮಿ.ಮೀ. ಬಾಚಣಿಗೆ ಹಲ್ಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಂಬಕ್ಕೆ ಕಿಟ್‌ನ ಬಿಡಿಭಾಗಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಕಡ್ಡಿಗಳಿವೆಯಲ್ಲ, ಅವೇ ಸಾಕು, ಬಿಸಾಡಬೇಡಿ. ಕತ್ತರಿಸಿ ತೆಗೆದ ಮೇಲಂತಸ್ತಿನ ಗೋಡೆಗಳನ್ನೂ ಎತ್ತಿಡಿ. ಕಿಟಕಿ ಸಮೇತ ಇವೆ, ಪಕ್ಕದಲ್ಲೊಂದು ರೈಲ್ವೆ ಕ್ವಾರ್ಟರ್ಸ್ ಆಗುತ್ತದೆ.