ಸ್ವಿಚ್ ಪಿನ್ ಸಿಕ್ಕಿಸಿದರೆ ಕ್ಯಾಮೆರಾ ಮೆನು ತೆರೆಯಲ್ಲ: ಬೆರಳು ಆಡದವರಿಗಾಗಿ ಮಾಡಿದ ಶಟರ್ ಬಟನ್

ಕೆರೆದಂಡೆ:
ಅಪ್ಪನಿಗೆ ಲಕ್ವ ಹೊಡೆದ ಮೇಲೆ ಬಲಗೈ ಸ್ವಾಧೀನದಲ್ಲಿಲ್ಲ. ಎಡಗೈ ಮುಷ್ಟಿಯಿಂದ ಒತ್ತುತ್ತಾರೆ, ಬೆರಳು ಬಿಡಿಸೋಕಾಗಲ್ಲ. ಕುಕ್ಕರಹಳ್ಳಿ ಕೆರೆಯ ಹಕ್ಕಿ ಫೋಟೊ ಅಂದರೆ ಅವರಿಗೆ ಪ್ರಾಣ. ಕ್ಯಾನನ್ 1500ಡಿ ಟ್ರೈಪಾಡ್ ಮೇಲಿದೆ. ಅಂಗೈ ಅಗಲದ ಪುಶ್ ಬಟನ್‌ಗೆ ವೈರ್ ಎಳೆದು, 2.5 ಎಂಎಂ ಪಿನ್ ಹಾಕಿ ರಿಮೋಟ್ ಸಾಕೆಟ್‌ಗೆ ಕೊಟ್ಟಿದ್ದೇನೆ. ಒತ್ತಿದರೆ ಫೋಟೊ ಬೀಳುತ್ತೆ. ಆದರೆ ಪಿನ್ ಸಿಕ್ಕಿಸಿದ ಕೂಡಲೇ, ಬಟನ್ ಮುಟ್ಟದಿದ್ದರೂ ಲೆನ್ಸ್ ಫೋಕಸ್ ಮಾಡೋಕೆ ಶುರು. ಮೆನು ತೆರೆಯಲ್ಲ, ತೆಗೆದ ಚಿತ್ರ ನೋಡೋಕೂ ಆಗಲ್ಲ, ಬ್ಯಾಟರಿ ಬೇಗ ಖಾಲಿ. ಬಟನ್ ಹಾಳಾಗಿದೆಯಾ?

ಬೆಸುಗೆ:
ಬಟನ್ ಮೇಲೆ ಅನುಮಾನ ಬೇಡ ಸರ್. ಪಿನ್ ಮೇಲೆ ಕಪ್ಪು ಗೆರೆ ಒಂದಿದೆಯಾ, ಎರಡಾ?

ಕೆರೆದಂಡೆ:
ಒಂದೇ.

ಬೆಸುಗೆ:
ಹಾಗಾದರೆ ಮೋನೊ ಪಿನ್, ತೊಂದರೆ ಅದರದ್ದೇ. ಈ ಸಾಕೆಟ್‌ನಲ್ಲಿ ಪಿನ್ನಿನ ತುದಿ ಶಟರ್‌ಗೆ, ನಡುವಿನ ಬಳೆ ಫೋಕಸ್‌ಗೆ, ಬುಡ ಗ್ರೌಂಡ್‌ಗೆ. ಮೋನೊ ಪಿನ್ನಿನ ಬುಡ ಉದ್ದ. ಬಳೆಯ ಜಾಗವನ್ನೂ ಮುಟ್ಟಿ ಫೋಕಸನ್ನು ಗ್ರೌಂಡ್‌ಗೆ ಶಾರ್ಟ್ ಮಾಡುತ್ತೆ. ಯಾರೋ ಶಟರನ್ನು ಅರ್ಧ ಒತ್ತಿ ಹಿಡಿದೇ ಇದ್ದಾರೆ ಅಂತ ಕ್ಯಾಮೆರಾ ತಿಳಿಯುತ್ತೆ. ಅದಕ್ಕೇ ಮೆನು ಬರಲ್ಲ, ಅದು ನಿದ್ದೆಗೂ ಹೋಗಲ್ಲ.

ಎರಡು ಗೆರೆಯ ಸ್ಟೀರಿಯೊ ಪಿನ್ ತಂದು ಒಂದು ವೈರ್ ಬುಡಕ್ಕೆ, ಇನ್ನೊಂದು ತುದಿಗೆ ಬೆಸುಗೆ ಹಾಕಿ. ಬಳೆಯನ್ನು ತುದಿಗೇ ಸೇರಿಸಿದರೆ ಒತ್ತಿ ಹಿಡಿದಾಗ ಫೋಕಸ್ ಆಗಿ ಆಮೇಲೆ ಕ್ಲಿಕ್ ಆಗುತ್ತೆ. ನಾನಾದರೆ ಸದ್ಯಕ್ಕೆ ಸೇರಿಸಲ್ಲ. ಫೋಕಸ್ ಸಿಗದಿದ್ದರೆ ಕ್ಲಿಕ್ಕೇ ಆಗಲ್ಲ. ತನ್ನ ಕೈಯೇ ಸರಿಯಾಗಿ ಒತ್ತಲಿಲ್ಲ ಅಂತ ಅವರು ನೊಂದುಕೊಳ್ಳಬಾರದು. ಬಳೆ ಖಾಲಿ ಬಿಡಿ, ಲೆನ್ಸನ್ನು ಎಂಎಫ್‌ಗೆ (ಕೈಯಿಂದಲೇ ಫೋಕಸ್ ಮಾಡುವ ಸ್ಥಿತಿ) ಹಾಕಿ, ಹಕ್ಕಿ ಬಂದು ಕೂರುವ ಕೊಂಬೆಗೆ ನೀವೇ ಫೋಕಸ್ ಮಾಡಿಡಿ. ಮುಷ್ಟಿ ತಾಗಿದ ತಕ್ಷಣ ಚಿತ್ರ ಸಿಗಬೇಕು.

ನಿಕಾನ್, ಸೋನಿ ಇಟ್ಟುಕೊಂಡವರು ಇದನ್ನೇ ಮಾಡಬೇಡಿ, ಅವುಗಳ ಸಾಕೆಟ್ ಬೇರೆ.

ಕೆರೆದಂಡೆ:
ಪಿನ್ ಬದಲಾಯಿಸಿದೆ, ಮೆನು ತೆರೆಯಿತು! ನಿನ್ನೆ ಅಪ್ಪ ತಾವೇ ಒಂದು ಬೆಳ್ಳಕ್ಕಿ ಹಿಡಿದರು. ಈಗ ಕಂಪ್ಯೂಟರ್‌ನಲ್ಲಿ ಚಿತ್ರ ಆರಿಸಬೇಕಂತೆ. ಮೌಸ್ ಹಿಡಿಯೋಕಾಗಲ್ಲ.

ಗಾಲಿಕುರ್ಚಿ:
ನನ್ನ ಬೆರಳುಗಳೂ ಆಡುವುದಿಲ್ಲ, ನಾನು ಬಳಸುವುದನ್ನೇ ಹೇಳುತ್ತೇನೆ. ದೊಡ್ಡ ಟ್ರ್ಯಾಕ್‌ಬಾಲ್ ತನ್ನಿ. ಅದರ ಮೇಲಿನ ಚೆಂಡು ಉರುಳಿಸಿದರೆ ಪರದೆಯ ಬಾಣ ಓಡುತ್ತೆ, ಮುಷ್ಟಿಯಿಂದಲೇ ಉರುಳಿಸಬಹುದು. ಕ್ಲಿಕ್‌ಗೆ ಒಂದು ಹಳೇ ಯುಎಸ್‌ಬಿ ಮೌಸ್ ಬಿಚ್ಚಿ. ಎಡ ಕ್ಲಿಕ್ಕಿನ ಕೆಳಗಿರುವ ಪುಟ್ಟ ಸ್ವಿಚ್‌ಗೆ ಸಾಮಾನ್ಯವಾಗಿ ಮೂರು ಕಾಲು. ಒತ್ತಿದಾಗ ಮಾತ್ರ ಕರೆಂಟ್ ಹಾಯುವ ಎರಡು ಕಾಲನ್ನು ಮಲ್ಟಿಮೀಟರ್‌ನಲ್ಲಿ ಹುಡುಕಿ, ಅಲ್ಲಿಂದ, ದೊಡ್ಡ ಬಟನ್ ಒಂದನ್ನು ಸಿಕ್ಕಿಸಲು, 3.5 ಎಂಎಂ ಮೋನೊ ಸಾಕೆಟ್‌ಗೆ ವೈರ್ ಎಳೆಯಿರಿ. ಇಲ್ಲಿ ಮೋನೊನೇ ಸರಿ, ಅಂಗವಿಕಲರಿಗೆಂದು ಮಾರುವ ಸ್ವಿಚ್‌ಗಳಿಗೂ ಹೆಚ್ಚಾಗಿ ಅದೇ ಪಿನ್. ಟ್ರ್ಯಾಕ್‌ಬಾಲ್, ಬಿಚ್ಚಿದ ಮೌಸ್ ಎರಡನ್ನೂ ಕಂಪ್ಯೂಟರ್‌ಗೆ ಒಟ್ಟಿಗೆ ಸಿಕ್ಕಿಸಿ, ವಿಂಡೋಸ್‌ನಲ್ಲಿ ಬಾಣ ಒಂದೇ ಇರುತ್ತೆ.

ಹೆಸರು ಟೈಪ್ ಮಾಡಲು ಆನ್-ಸ್ಕ್ರೀನ್ ಕೀಬೋರ್ಡ್ ಆಯ್ಕೆಗಳಲ್ಲಿ ಸ್ಕ್ಯಾನ್ ಆನ್ ಮಾಡಿ. ಸಾಲುಗಳು ಒಂದೊಂದಾಗಿ ಬೆಳಗುತ್ತವೆ, ಬೇಕಾದ ಸಾಲು ಬಂದಾಗ ಬಟನ್ ಒತ್ತಿ, ಆಮೇಲೆ ಆ ಸಾಲಿನಲ್ಲಿ ಬೇಕಾದ ಅಕ್ಷರ ಬೆಳಗಿದಾಗ ಮತ್ತೆ ಒತ್ತಿದರಾಯಿತು. ವೇಗವನ್ನು ಮೊದಲು ನಿಧಾನಕ್ಕೇ ಇಡಿ.

ಕೆರೆದಂಡೆ:
ಕ್ಲಿಕ್ ಚೆನ್ನಾಗಿದೆ. ಆದರೆ ಬಾಣ ತಾನಾಗೇ ನಡುಗುತ್ತೆ, ಅಪ್ಪನ ಕೈಯಿಂದಲ್ಲ.

ಗಾಲಿಕುರ್ಚಿ:
ಬಿಚ್ಚಿದ ಮೌಸ್‌ನ ಸೆನ್ಸರ್ ಇನ್ನೂ ಕೆಲಸ ಮಾಡುತ್ತಿದೆ. ಮೇಜು ಅಲುಗಿದರೂ ಅದಕ್ಕೆ ಗೊತ್ತಾಗುತ್ತೆ. ತಳದ ಕಿಂಡಿಗೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ.

ಕೆರೆದಂಡೆ:
ಅಂಟಿಸಿದೆ, ನಿಂತಿತು.